ನದಿಮೂಲ ಕೇಳಬಾರದೇ?

ಓದುಗರ ಪತ್ರ:

"ಹಿಂದಿನ ಸಂಚಿಕೆಯಲ್ಲಿ, ಮೊಬೈಲ್ ಬ್ಯಾಟರಿಗೆ ಹಾಕುವ ಕೋಬಾಲ್ಟ್ ಲೋಹಕ್ಕಾಗಿ ಕಾಂಗೋ ದೇಶದಲ್ಲಿ ಅಗೆಯುವ ಗಣಿಗಳ ಬಗ್ಗೆ ಓದಿದ ಮೇಲೆ ಮನಸ್ಸು ಕೆಟ್ಟುಹೋಗಿದೆ. ನನ್ನ ಮೊಬೈಲಿಗೆ ಐದು ವರ್ಷ. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದಿದೆ. ಬೆಂಗಳೂರಿನಲ್ಲಿರುವ ಮಗ ಹಬ್ಬಕ್ಕೆ ಬರುವಾಗ ಹೊಸದು ತರುತ್ತೇನೆ ಎನ್ನುತ್ತಾನೆ. ಮಕ್ಕಳು ಅಗೆದ ಅದಿರು ಇಲ್ಲದ ಮೊಬೈಲ್ ಯಾವುದು ಎಂದು ಅಂಗಡಿಯವನನ್ನು ಕೇಳಿದರೆ, ಎಲ್ಲ ಕಂಪನಿಗಳ ಹತ್ತಿರವೂ ಸರ್ಟಿಫಿಕೇಟ್ ಇರುತ್ತದೆ ಎಂದು ನಕ್ಕ. ಮಗನೂ 'ಋಷಿಮೂಲ ನದಿಮೂಲ ಕೇಳಬಾರದು ಅಪ್ಪಯ್ಯ' ಎಂದ. ಅವನ ಮಾತೂ ಸರಿಯೇ ಅನ್ನಿಸುತ್ತದೆ. ನಾನು ಕೇಳಬೇಕೋ ಬಿಡಬೇಕೋ?"

ತೀರ್ಥಹಳ್ಳಿ ತಾಲೂಕಿನ ಓದುಗರು (ಹೆಸರು ಹಾಕಬೇಡಿ ಎಂದಿದ್ದಾರೆ)

ಸಂಪಾದಕರ ಉತ್ತರ:

ಮೊದಲು ಆ ಮೊಬೈಲನ್ನು ಚಾರ್ಜಿಗೆ ಹಾಕುವುದನ್ನು ಇವತ್ತೇ ನಿಲ್ಲಿಸಿ. ಉಬ್ಬಿದ ಬ್ಯಾಟರಿ ಯಾವ ಗಳಿಗೆಯಲ್ಲಾದರೂ ಹೊತ್ತಿಕೊಳ್ಳಬಹುದು. ನಿಮ್ಮದು ಅಟ್ಟದಲ್ಲಿ ಅಡಿಕೆ, ಹಿತ್ತಿಲಲ್ಲಿ ಹುಲ್ಲಿನ ಬಣವೆ ಇರುವ ಮನೆ. ಮುಚ್ಚಳವನ್ನು ಒತ್ತಿ ಕೂರಿಸುವ, ಸೂಜಿ ಚುಚ್ಚಿ ಗಾಳಿ ತೆಗೆಯುವ ಸಾಹಸವೂ ಬೇಡ. ಧರ್ಮಸಂಕಟದ ಮಾತು ಅದಾದ ಮೇಲೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಶಾಯಿಯಲ್ಲಿ ಬರೆದ ಪತ್ರ ಬಂದರೆ ಅದು ನಮ್ಮ ಕಚೇರಿಯಲ್ಲಿ ಈಗಲೂ ಕೈಯಿಂದ ಕೈಗೆ ಹೋಗುತ್ತದೆ. ಅಂಗಡಿಯಲ್ಲಿ ನಿಂತು ಅಂಥ ಪ್ರಶ್ನೆ ಕೇಳಿದ್ದೀರಲ್ಲ, ಅದಕ್ಕೆ ನಮಸ್ಕಾರ. ಆದರೆ ಮಗನ ಗಾದೆಗೆ ಅರ್ಧ ತಲೆದೂಗಿದ್ದಕ್ಕೆ ನಿಮ್ಮೊಡನೆ ಜಗಳವಿದೆ. ನದಿಮೂಲ ಕೇಳಬಾರದು ಎಂದು ನಲ್ಲಿಯಲ್ಲಿ ನೀರು ಬಂದರೆ ಸಾಕು ಎನ್ನುವವರು ಹೇಳಲಿ. ತುಂಗೆಯ ದಡದಲ್ಲಿ ಹುಟ್ಟಿ, 'ತುಂಗಾ ಪಾನ ಗಂಗಾ ಸ್ನಾನ' ಎಂದು ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದವನು ಹೇಳುವ ಮಾತೇ ಅದು?

ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲದ ಬೆಟ್ಟಸಾಲಿನಲ್ಲೇ ಅಲ್ಲವೇ ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ಇದ್ದದ್ದು? ಕಂಪನಿ ಸ್ಥಾಪನೆಯಾದದ್ದು 1976ರಲ್ಲಿ. ಹಣ ಕೊಡಲು ಒಪ್ಪಿದ್ದವರು ಇರಾನಿನ ಷಾ. ಅಲ್ಲಿ ಕ್ರಾಂತಿಯಾಗಿ ಷಾ ದೇಶ ಬಿಟ್ಟರೂ ಇಲ್ಲಿ ಗುಡ್ಡ ಅಗೆಯುವುದು ನಿಲ್ಲಲಿಲ್ಲ. ಅದಿರನ್ನು ಅರೆದು, ನೀರಿನಲ್ಲಿ ಕಲಸಿ, ಕೊಳವೆಯಲ್ಲಿ ಘಟ್ಟದ ಕೆಳಗೆ ಮಂಗಳೂರಿಗೆ ಇಳಿಸಿ ಹಡಗು ಹತ್ತಿಸಿದರು. ಹೂಳು ಭದ್ರೆಯ ಪಾಲಿಗೆ ಬಂತು. 2002ರಲ್ಲಿ ಸುಪ್ರೀಂ ಕೋರ್ಟಿನ ಆದೇಶವಾಗಿ 2005ರ ಕೊನೆಗೆ ಗಣಿ ನಿಂತಿತು. ಅದು ತಾನಾಗಿ ನಿಲ್ಲಲಿಲ್ಲ. ನದಿಮೂಲ ಏನಾಗುತ್ತಿದೆ ಎಂದು ಕೇಳಿದ ಹಟಮಾರಿಗಳು ಈ ಜಿಲ್ಲೆಗಳಲ್ಲಿ ಇದ್ದುದರಿಂದ ನಿಂತಿತು. ಆ ದಿನಗಳಲ್ಲಿ ನನ್ನನ್ನು ಒಂದು ಯೋಚನೆ ಕಾಡುತ್ತಿತ್ತು. ನಮ್ಮ ಗುಡ್ಡ ಯಾವುದೋ ದೇಶದಲ್ಲಿ ಯಾರದೋ ಕಾರಿನ ಬಾಗಿಲಾಗಿರುತ್ತದೆ, ಯಾರದೋ ಮನೆಯ ಫ್ರಿಜ್ಜಾಗಿರುತ್ತದೆ. ಅದನ್ನು ಕೊಂಡವನು ಭದ್ರೆಯ ಹೆಸರನ್ನಾದರೂ ಕೇಳಿದ್ದನೇ? ಕೇಳಿರಲಾರ. ಅಂಗಡಿಯವನು ಅವನಿಗೂ ನಕ್ಕೇ ಸಾಮಾನು ಕೊಟ್ಟಿರುತ್ತಾನೆ.

ಈಗ ಆ ಕೊಳ್ಳುವವನ ಜಾಗದಲ್ಲಿ ನಾವಿದ್ದೇವೆ.

ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟಿನಲ್ಲಿ ನೂರಕ್ಕೆ 70ರಷ್ಟು ಕಾಂಗೋದ್ದು. ಬಹುಪಾಲನ್ನು ದೊಡ್ಡ ಕಂಪನಿಗಳು ಯಂತ್ರದಲ್ಲಿ ತೆಗೆಯುತ್ತವೆ. ಉಳಿದದ್ದನ್ನು ಜನ ಗುದ್ದಲಿ, ಹಾರೆ ಹಿಡಿದು ಬರಿಗಾಲಿನಲ್ಲಿ ತೆಗೆಯುತ್ತಾರೆ. ಕೊಲ್ವೇಜಿ ನಗರದ ಕಾಸುಲೋ ಎಂಬ ಬಡಾವಣೆಯಲ್ಲಿ ಮನೆಯ ಕೆಳಗೇ ಅದಿರು ಇದೆ ಎಂದು ಗೊತ್ತಾದಾಗ ಜನ ಮಲಗುವ ಕೋಣೆಯ ನೆಲವನ್ನೇ ಅಗೆದು ಸುರಂಗ ಇಳಿದರು. ದಿನಕ್ಕೆ ಹನ್ನೆರಡು ಗಂಟೆಯವರೆಗೆ ಅದಿರು ಹೊತ್ತು, ಆರಿಸಿ, ತೊಳೆದು ಒಂದೆರಡು ಡಾಲರ್ ಸಂಪಾದಿಸುವ ಮಕ್ಕಳ ಬಗ್ಗೆ ಆಮ್ನೆಸ್ಟಿ ಎಂಬ ಮಾನವ ಹಕ್ಕುಗಳ ಸಂಸ್ಥೆ 2016ರಲ್ಲಿ ವರದಿ ಮಾಡಿತು. ಅದೇ ದೇಶದ ಪೂರ್ವದಲ್ಲಿ ಕೋಲ್ಟಾನ್ ಎಂಬ ಅದಿರು ಸಿಗುತ್ತದೆ. ಅದರಿಂದ ತೆಗೆಯುವ ಟಾಂಟಲಂ ಲೋಹ ಇಲ್ಲದಿದ್ದರೆ ಮೊಬೈಲಿನೊಳಗೆ ವಿದ್ಯುತ್ ಹಿಡಿದಿಡುವ ಕೆಪಾಸಿಟರುಗಳನ್ನು ಅಷ್ಟು ಚಿಕ್ಕದಾಗಿ ಮಾಡಲಾಗುತ್ತಿರಲಿಲ್ಲ. ಅಲ್ಲಿ ಬಂದೂಕು ಹಿಡಿದವನೇ ಗಣಿಯ ಧಣಿ. ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಕ್ಕಳಿಗೆ ಅಲ್ಲಿಯ ಬುಕಾವು ನಗರದಲ್ಲಿ ಚಿಕಿತ್ಸೆ ಕೊಡುತ್ತಾ ಬಂದ ಡಾಕ್ಟರ್ ಡೆನಿಸ್ ಮುಕ್ವೇಗೆ ಅವರು 2018ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು. ಆ ವೇದಿಕೆಯಲ್ಲೇ ಅವರು, ನಿಮ್ಮ ಕೈಯ ಸ್ಮಾರ್ಟ್‌ಫೋನಿನ ಹಿಂದಿರುವ ಮನುಷ್ಯರ ಬೆಲೆಯನ್ನು ಯೋಚಿಸಿ ಎಂದು ಕೇಳಿಕೊಂಡರು. ಸಭೆ ಚಪ್ಪಾಳೆ ತಟ್ಟಿತು. ತಟ್ಟಿದ ಎಲ್ಲರ ಜೇಬಿನಲ್ಲೂ ಮೊಬೈಲ್ ಇದ್ದಿರಬೇಕು.

ಕಾಂಗೋ ದೂರವಾಯಿತು ಎನ್ನುವವರು ಜಾರ್ಖಂಡಿನ ಕೊಡರ್ಮಾ, ಗಿರಿಡಿಹ ಕಡೆ ನೋಡಲಿ. ಮುಚ್ಚಿದ ಗಣಿಗಳ ರಾಶಿ ಕೆದಕಿ ಅಭ್ರಕ ಆಯುವ ಮಕ್ಕಳು ನಮ್ಮ ದೇಶದವರೇ. ನಾವು ಚಿಕ್ಕವರಿದ್ದಾಗ ಕಾಗೆಬಂಗಾರ ಎಂದು ಆಯ್ದು ಪುಸ್ತಕದೊಳಗೆ ಇಟ್ಟುಕೊಳ್ಳುತ್ತಿದ್ದೆವಲ್ಲ, ಅದೇ ವಸ್ತು.

ಇನ್ನು ನಿಮ್ಮ ಅಂಗಡಿಯವನ ಸರ್ಟಿಫಿಕೇಟಿಗೆ ಬರುತ್ತೇನೆ. ನೀವು ಅಡಿಕೆ ಬೆಳೆಗಾರರು, ನಿಮಗೆ ಇದನ್ನು ವಿವರಿಸುವುದು ಸುಲಭ. ಫಸಲನ್ನು ಗುತ್ತಿಗೆ ಹಿಡಿಯುವ ಚೇಣಿದಾರ ಹತ್ತು ತೋಟದ ಹಸಿ ಅಡಿಕೆಯನ್ನು ತಂದು ಸುಲಿಸಿ ಒಂದೇ ಹಂಡೆಯಲ್ಲಿ ಬೇಯಿಸುತ್ತಾನೆ. ಅಡಿಕೆ ಬೆಂದ ಕೆಂಪು ರಸ, ಅಂದರೆ ಚೊಗರು, ಎಲ್ಲಕ್ಕೂ ಒಂದೇ ಬಣ್ಣ ಕೊಡುತ್ತದೆ. ಒಣಗಿದ ಮೇಲೆ ರಾಶಿ, ಬೆಟ್ಟೆ, ಗೊರಬಲು ಎಂದು ದರ್ಜೆವಾರು ಬೇರೆ ಮಾಡಬಹುದೇ ಹೊರತು ಇದು ಇಂಥವರ ತೋಟದ್ದು ಎಂದು ಆಯಲು ಬ್ರಹ್ಮನಿಂದಲೂ ಆಗುವುದಿಲ್ಲ. ಚೇಣಿದಾರನ ಹಂಡೆಗೆ ಬಿದ್ದ ಅಡಿಕೆಗೆ ತೋಟವಿಲ್ಲ. ಕುಲುಮೆಗೆ ಬಿದ್ದ ಅದಿರಿಗೆ ಊರಿಲ್ಲ. ಕಾಂಗೋದ ಕೋಬಾಲ್ಟಿನ ಬಹುಪಾಲು ಚೀನಾದ ಸಂಸ್ಕರಣಾ ಕಾರ್ಖಾನೆಗಳಿಗೆ ಹೋಗುತ್ತದೆ. ಅಲ್ಲಿ ಯಂತ್ರ ಅಗೆದದ್ದು, ಮಗು ಹೊತ್ತದ್ದು ಒಂದೇ ಪುಡಿಯಾಗುತ್ತದೆ. ಅದರಾಚೆ ಬ್ಯಾಟರಿ, ಬ್ಯಾಟರಿಯಾಚೆ ಮೊಬೈಲ್, ಮೊಬೈಲಿನಾಚೆ ನಗುವ ಅಂಗಡಿಯವನು.

ಕಾನೂನುಗಳೇ ಇಲ್ಲವೆಂದಲ್ಲ. ಅಮೆರಿಕ 2010ರಲ್ಲಿ, ಐರೋಪ್ಯ ಒಕ್ಕೂಟ 2017ರಲ್ಲಿ ಕಾನೂನು ಮಾಡಿ ತವರ, ಟಾಂಟಲಂ, ಟಂಗ್‌ಸ್ಟನ್, ಚಿನ್ನ ಇವು ಎಲ್ಲಿಂದ ಬಂದವೆಂದು ವಿಚಾರಿಸಬೇಕು ಎಂದವು. ಪಟ್ಟಿಯಲ್ಲಿ ನಾಲ್ಕೇ ಹೆಸರು. ನಿಮ್ಮ ನಿದ್ದೆ ಕೆಡಿಸಿದ ಕೋಬಾಲ್ಟ್ ಅದರಲ್ಲಿಲ್ಲ. ಗಣಿಯ ಬಾಯಲ್ಲೇ ಅದಿರಿನ ಚೀಲಕ್ಕೆ ಚೀಟಿ ಕಟ್ಟುವ ಪದ್ಧತಿ ಬಂತು. ಚೀಟಿ ಕಟ್ಟುವವನಿಗೆ ಲಂಚ ಕೊಟ್ಟರೆ ಚೀಟಿ ಯಾವ ಚೀಲಕ್ಕಾದರೂ ಹತ್ತುತ್ತದೆ ಎಂಬುದನ್ನು ಎಪಿಎಂಸಿ ಯಾರ್ಡಿನಲ್ಲಿ ಒಂದು ಬೆಳಗ್ಗೆ ಕಳೆದವರಿಗೆ ಹೇಳಬೇಕಿಲ್ಲ. 2024ರಲ್ಲಿ ಪೂರ್ವ ಕಾಂಗೋದ ರುಬಾಯಾದ ಕೋಲ್ಟಾನ್ ಗಣಿಗಳು ಎಂ23 ಎಂಬ ಬಂಡುಕೋರ ಪಡೆಯ ವಶವಾದವು. ಅಲ್ಲಿಯ ಅದಿರು ಗಡಿ ದಾಟಿ ನೆರೆಯ ರುವಾಂಡಾ ದೇಶದ ಅದಿರಿನೊಡನೆ ಬೆರೆಯುತ್ತಿದೆ ಎಂದು ವಿಶ್ವಸಂಸ್ಥೆಯ ತಜ್ಞರು ಬರೆದರು. ಇದೇ ನಾವು 2022ರಲ್ಲಿ ಭೂತಾನಿನ 17,000 ಟನ್ ಹಸಿ ಅಡಿಕೆಯ ಆಮದಿಗೆ ಕೇಂದ್ರ ಸರ್ಕಾರ ಕನಿಷ್ಠ ಬೆಲೆಯ ಷರತ್ತಿಲ್ಲದೆ ಅನುಮತಿ ಕೊಟ್ಟಾಗ ಎಷ್ಟು ಕೂಗಾಡಿದೆವು! ಎಲ್ಲಿಯದೋ ಅಡಿಕೆ ನಮ್ಮದರೊಡನೆ ಬೆರೆಯುತ್ತದೆ, ಮೂಲ ಕೇಳುವವರಿಲ್ಲವೇ ಎಂದು ಮೆರವಣಿಗೆ ಮಾಡಿದೆವು. ಅಡಿಕೆಯ ಮೂಲ ಕೇಳಬಹುದು, ಅದಿರಿನದನ್ನು ಕೇಳಬಾರದೇ? ನಿಮ್ಮ ಮಗನನ್ನು ನನ್ನ ಪರವಾಗಿ ಕೇಳಿ.

ಅಮೆರಿಕದ ಒಂದು ಮೊಕದ್ದಮೆಯನ್ನೂ ಹೇಳಬೇಕು. ಗಣಿಯಲ್ಲಿ ಸತ್ತ, ಅಂಗವಿಕಲರಾದ ಮಕ್ಕಳ ಪರವಾಗಿ 2019ರಲ್ಲಿ ಆಪಲ್, ಗೂಗಲ್‌ನ ಮಾತೃಸಂಸ್ಥೆ, ಡೆಲ್, ಮೈಕ್ರೋಸಾಫ್ಟ್, ಟೆಸ್ಲಾ ಕಂಪನಿಗಳ ಮೇಲೆ ದಾವೆ ಹೂಡಿದರು. 2024ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ತಳ್ಳಿಹಾಕಿತು. ಪೂರೈಕೆಯ ಸರಪಳಿಯಿಂದ ಕೋಬಾಲ್ಟ್ ಕೊಂಡ ಮಾತ್ರಕ್ಕೆ ಆ ಗಣಿಯ ವ್ಯವಹಾರದಲ್ಲಿ ಪಾಲುದಾರರಾದಂತಲ್ಲ ಎಂಬುದು ತೀರ್ಪಿನ ತಿರುಳು. ಹಂಡೆಗೆ ಹಾಕಿ ಬೇಯಿಸಿದರೆ ಅಡಿಕೆ ಮಾತ್ರವಲ್ಲ, ಪಾಪವೂ ಒಂದೇ ಬಣ್ಣಕ್ಕೆ ಬರುತ್ತದೆ ಎಂದಾಯಿತು.

ಇನ್ನೊಂದು ಪಕ್ಷದ ಮಾತನ್ನೂ ಬರೆಯದಿದ್ದರೆ ನನ್ನನ್ನು ಏಕಪಕ್ಷೀಯ ಎನ್ನುತ್ತೀರಿ. 2010ರ ಕಾನೂನು ಬಂದ ಮೇಲೆ ತಂಟೆಯೇ ಬೇಡವೆಂದು ಎಷ್ಟೋ ವ್ಯಾಪಾರಿಗಳು ಪೂರ್ವ ಕಾಂಗೋವನ್ನೇ ಕೈಬಿಟ್ಟರು. ಅಗೆದು ಹೊಟ್ಟೆ ಹೊರೆಯುತ್ತಿದ್ದವರ ಒಲೆ ಆರಿತು. ಬಹಿಷ್ಕಾರ ಬಡವನ ಹೊಟ್ಟೆಗೇ ಮೊದಲು ಹೊಡೆಯುತ್ತದೆ. 2011ರಲ್ಲಿ ಬಳ್ಳಾರಿಯ ಗಣಿಗಾರಿಕೆ ನಿಂತಾಗ ಸಾಲ ಮಾಡಿ ಲಾರಿ ಕೊಂಡವರ ಪಾಡೂ ಅದೇ ಆಯಿತು. ಸರಿ, ಒಪ್ಪಿದೆ. ಆದರೆ ಈ ಬಡವರ ನೆನಪು ಕಂಪನಿಗಳಿಗೆ ಯಾರಾದರೂ ಲೆಕ್ಕ ಕೇಳಿದಾಗ ಮಾತ್ರ ಬರುತ್ತದೆಯಲ್ಲ, ಅದು ನನಗೆ ಅರ್ಥವಾಗದ್ದು.

ಹಾಗಾದರೆ ಶುದ್ಧವಾದ ಮೊಬೈಲ್ ಯಾವುದು? ಆಮ್‌ಸ್ಟರ್‌ಡ್ಯಾಮಿನಲ್ಲಿ 2013ರಲ್ಲಿ ಶುರುವಾದ ಫೇರ್‌ಫೋನ್ ಎಂಬ ಕಂಪನಿ ಪ್ರಾಮಾಣಿಕವಾಗಿ ಹೆಣಗುತ್ತಿದೆ. ನೂರಕ್ಕೆ ನೂರು ನ್ಯಾಯದ ಮೊಬೈಲ್ ಆಗದ ಮಾತು ಎಂದು ಅವರೇ ಒಪ್ಪುತ್ತಾರೆ. ನಮ್ಮ ಅಂಗಡಿಗಳಲ್ಲಿ ಅದು ಸಿಗುವುದೂ ಇಲ್ಲ. ನನ್ನನ್ನು ಕೇಳಿದರೆ, ಇರುವುದರಲ್ಲಿ ಶುದ್ಧವಾದ ಮೊಬೈಲ್ ಈಗ ಮುಚ್ಚಳ ಎದ್ದು ನಿಮ್ಮ ಮೇಜಿನ ಮೇಲೆ ಬಿದ್ದಿದೆ. ಅದಕ್ಕಾಗಿ ಅಗೆಯಬೇಕಾದ್ದನ್ನು ಐದು ವರ್ಷದ ಹಿಂದೆಯೇ ಅಗೆದಾಗಿದೆ. ಹೊಸ ಬ್ಯಾಟರಿಗೆ ಕೆಲವು ಗ್ರಾಂ ಕೋಬಾಲ್ಟ್ ಬೇಕಾದೀತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಪರದೆ, ಬೋರ್ಡು, ಅದರ ಟಾಂಟಲಂ, ಚಿನ್ನ, ತವರ ಎಲ್ಲವೂ ಉಳಿಯುತ್ತವೆ.

ತವರ ಎಂದಾಗ ನಮ್ಮ ಮನೆಗೆ ವರ್ಷಕ್ಕೊಮ್ಮೆ ಬರುತ್ತಿದ್ದ ಕಲಾಯಿಯವರು ನೆನಪಾಗುತ್ತಾರೆ. ಅಂಗಳದಲ್ಲಿ ಗುಂಡಿ ತೋಡಿ, ತಿದಿ ಊದಿ, ನವಾಸಾಗರದ ಹೊಗೆ ಎಬ್ಬಿಸಿ, ತಾಮ್ರದ ಚೆರಿಗೆಯೊಳಗೆ ಬೆರಳುಗುರಿನಷ್ಟು ತವರವನ್ನು ಬಟ್ಟೆಯಲ್ಲಿ ಉಜ್ಜುತ್ತಿದ್ದರು. ಅಮ್ಮ ಪಕ್ಕದಲ್ಲೇ ನಿಂತು, "ಇದು ಅಸಲಿ ತವರವೋ, ಸೀಸ ಬೆರೆಸಿದ್ದೋ" ಎಂದು ಪ್ರತಿ ವರ್ಷವೂ ಕೇಳುತ್ತಿದ್ದಳು. ಅವಳು ಶಾಲೆ ಮೆಟ್ಟಿಲು ಹತ್ತಿದವಳಲ್ಲ, ಮೂಲ ಕೇಳುವುದು ಮಾತ್ರ ಗೊತ್ತಿತ್ತು. ಇವತ್ತು ಜಗತ್ತಿನ ತವರದಲ್ಲಿ ಅರ್ಧದಷ್ಟು ಬೆಸುಗೆಗೆ ಹೋಗುತ್ತದೆ. ಇಂಡೋನೇಷ್ಯಾದ ಬಂಕಾ ದ್ವೀಪದಲ್ಲಿ ಅದಕ್ಕಾಗಿ ಸಮುದ್ರದ ತಳವನ್ನೂ ಬಾಚುತ್ತಾರೆ. ಮೀನುಗಾರರ ಬಲೆಗೆ ಕೆಸರು ಬರುತ್ತದೆ. ತವರಕ್ಕೂ ಒಂದು ತವರು ಇದೆ ಸ್ವಾಮಿ.

ಉಳಿಸಿಕೊಳ್ಳಿ ಎಂದು ಹೇಳುವುದು ಸುಲಭ, ಉಳಿಸಿಕೊಳ್ಳಲು ಬಿಡುವವರು ಯಾರು? ಕಳೆದ ವರ್ಷ ನನ್ನ ಮೊಬೈಲ್ ಚಾರ್ಜ್ ಆಗುವುದನ್ನು ನಿಲ್ಲಿಸಿತು. ಕಂಪನಿಯ ಸೇವಾ ಕೇಂದ್ರ ಎಂಬ ಹವಾನಿಯಂತ್ರಿತ ದೇವಸ್ಥಾನದಲ್ಲಿ ಟೋಕನ್ ಹಿಡಿದು ಒಂದೂವರೆ ಗಂಟೆ ಕುಳಿತೆ. ಬೋರ್ಡನ್ನೇ ಬದಲಿಸಬೇಕು ಎಂದರು. ಹೊಸ ಮೊಬೈಲಿನ ಮುಕ್ಕಾಲು ಬೆಲೆ ಹೇಳಿ, ಹೊಸದರ ಬಣ್ಣಗಳ ಪಟ್ಟಿಯನ್ನೂ ಮುಂದಿಟ್ಟರು. ಸಿಟ್ಟಿನಿಂದ ಎದ್ದು ಬಂದು ಗಾಂಧಿ ಬಜಾರಿನ ಒಂದು ಗಲ್ಲಿಯಲ್ಲಿ, ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಗೆ ಹೋದೆ. ಅಲ್ಲಿಯ ಹುಡುಗ ಬಿಸಿಗಾಳಿಯಿಂದ ಅಂಟು ಕರಗಿಸಿ, ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು, ಚಾರ್ಜಿಂಗ್ ಪಿನ್ ಕಿತ್ತು ಬೇರೆ ಬೆಸೆದ. ನಲವತ್ತು ನಿಮಿಷ, 350 ರೂಪಾಯಿ. "ಇದನ್ನು ಯಾಕೆ ಇಷ್ಟು ಅಂಟು ಹಾಕಿ ಮುಚ್ಚುತ್ತಾರಪ್ಪ" ಎಂದು ಕೇಳಿದೆ. "ನನ್ನಂಥವರು ತೆರೆಯಬಾರದು ಎಂದು, ಸರ್" ಎಂದ. ಕಂಪನಿಗಳು ವರ್ಷವರ್ಷ ಹೊರತರುವ ಸುಸ್ಥಿರತೆಯ ವರದಿಗಳನ್ನು ನಾನು ಓದಿದ್ದೇನೆ. ಮುಖಪುಟದಲ್ಲಿ ಎಳೆ ಚಿಗುರೊಂದು ಇದ್ದೇ ಇರುತ್ತದೆ. ಈ ಅಂಟಿನ ಸುದ್ದಿ ಮಾತ್ರ ಅಷ್ಟು ನೇರವಾಗಿ ಯಾವುದರಲ್ಲೂ ಸಿಗಲಿಲ್ಲ.

ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್‌ನಿಂದ ಒಂದು ನಿಯಮವಿದೆ: ಒಂದು ಮಾದರಿಯ ಮಾರಾಟ ನಿಂತ ಮೇಲೂ ಏಳು ವರ್ಷ ಅದರ ಬಿಡಿಭಾಗ ಸಿಗುವಂತೆ ಮಾಡಬೇಕು. ನಮ್ಮಲ್ಲಿ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗೆಂದು ಕೇಂದ್ರ ಸರ್ಕಾರ ಒಂದು ಜಾಲತಾಣ ತೆರೆಯಿತು. ಜಾಲತಾಣ ತೆರೆಯುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಇತ್ತ ಜನರಿಗೂ ರಿಪೇರಿ ಎಂದರೆ ನಾಚಿಕೆ. ಕೊಡೆಗೆ ಕಡ್ಡಿ ಹಾಕುವವರು ಹೋದರು, ಗ್ಯಾಸ್ ಒಲೆಯ ಬರ್ನರ್ ಉಜ್ಜಿಕೊಡುವವರು ಹೋದರು. ಕಾಲೇಜಿಗೆ ಹೋಗುವ ನನ್ನ ಮೊಮ್ಮಗನಿಗೆ ಸ್ಕ್ರೂ ಯಾವ ಕಡೆ ತಿರುಗಿಸಿದರೆ ಬಿಚ್ಚುತ್ತದೆ ಎಂದು ತಿಳಿಯದು. ಅವನು ಓದುತ್ತಿರುವುದು ಎಂಜಿನಿಯರಿಂಗ್. ನಮ್ಮ ಕಚೇರಿಯ ಹನ್ನೊಂದು ವರ್ಷದ ಕಂಪ್ಯೂಟರನ್ನು ನೋಡಿ ಬಂದವರೆಲ್ಲ ನಗುತ್ತಾರೆ. ಈ ಉತ್ತರವನ್ನು ಅಕ್ಷರ ಜೋಡಿಸಿ ಪುಟ ಮಾಡಿದ್ದು ಅದೇ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಕೇಳಿ. ಅಂಗಡಿಯವನನ್ನಲ್ಲ, ಆ ಬಡಪಾಯಿಗೆ ಏನೂ ಗೊತ್ತಿಲ್ಲ. ಕಂಪನಿಗೆ ಬರೆಯಿರಿ. ಹಂಡೆಯ ಬಾಯಲ್ಲಿ ನಿಂತು ಕೇಳುವಂಥ ಎರಡೇ ಪ್ರಶ್ನೆ ಸಾಕು. ಈ ಬ್ಯಾಟರಿಯ ಕೋಬಾಲ್ಟನ್ನು ಸಂಸ್ಕರಿಸಿದ ಕಾರ್ಖಾನೆಗಳು ಯಾವುವು? ಈ ಮಾದರಿಗೆ ಬ್ಯಾಟರಿ ಇನ್ನೆಷ್ಟು ವರ್ಷ ಸಿಗುತ್ತದೆ? ಕೆಲವು ಕಂಪನಿಗಳು ಕಾರ್ಖಾನೆಗಳ ಪಟ್ಟಿಯನ್ನು ಪ್ರಕಟಿಸುತ್ತವೆ, ಅಷ್ಟರ ಮಟ್ಟಿಗೆ ಅವಕ್ಕೆ ಶಹಭಾಸ್. ಉತ್ತರ ಬಂದರೆ ನಮಗೂ ಕಳುಹಿಸಿ, ಅಚ್ಚು ಹಾಕುತ್ತೇವೆ. ಬಾರದಿದ್ದರೆ ನಿಮ್ಮ ಪತ್ರವನ್ನೇ ಅಚ್ಚು ಹಾಕುತ್ತೇವೆ.

ಮುಂದಿನ ವಾರ ಅಡಿಕೆ ತೆಗೆದುಕೊಂಡು ಮಂಡಿಗೆ ಬರುತ್ತೀರೆಂದು ಬರೆದಿದ್ದೀರಿ. ಮೊಬೈಲನ್ನು ಆಫ್ ಮಾಡಿ, ಬಿಸಿಲು ತಾಗದಂತೆ ತನ್ನಿ. ತೂಕ ಮುಗಿಸಿ ನೇರವಾಗಿ ಕಚೇರಿಗೆ ಬನ್ನಿ, ಮೆಟ್ಟಿಲ ಕೆಳಗಿನ ಅಂಗಡಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಆ ಹುಡುಗ ಮಧ್ಯಾಹ್ನ ಎರಡರಿಂದ ಮೂರರವರೆಗೆ ಬಾಗಿಲು ಹಾಕಿ ಊಟಕ್ಕೆ ಹೋಗುತ್ತಾನೆ, ಅದಕ್ಕೆ ಮೊದಲೇ ಬಂದರೆ ಒಳ್ಳೆಯದು. ಹೇಗೂ ಬರುತ್ತೀರಲ್ಲ, ನಿಮ್ಮ ಚಂದಾ ಏಪ್ರಿಲ್‌ನಲ್ಲೇ ಮುಗಿದಿದೆ ಎಂದು ನಮ್ಮ ಗುಮಾಸ್ತರು ನೆನಪಿಸುತ್ತಿದ್ದಾರೆ.