ಸಂಪಾದಕರ ಉತ್ತರ: ಮುಷ್ಟಿ ಅಕ್ಕಿಯ ಲೆಕ್ಕ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ಓದುಗರೊಬ್ಬರು ಬರೆದಿದ್ದಾರೆ. ಹಳೇ ಕಾಗದ ಪತ್ರ ತೆಗೆದು ಹಾಕುವಾಗ ಅವರ ಮಗಳ ಕೈಗೆ 2012ರ ತೆರಿಗೆ ರಿಟರ್ನ್ ಸಿಕ್ಕಿತಂತೆ. ಅದರಲ್ಲಿ ಇಷ್ಟವಿದ್ದವರು ದೇಣಿಗೆ ಕೊಡಬಹುದಾದ ನಿಧಿಗಳ ಪಟ್ಟಿ, ಅದರಲ್ಲಿ ಒಂದು ಸಾಲು ಮಾನವ ಕಳ್ಳಸಾಗಣೆಗೆ ಬಲಿಯಾದ ಮಕ್ಕಳ ನಿಧಿಯದ್ದು. ಎದುರಿನ ಜಾಗ ಖಾಲಿ. "ಇದಕ್ಕೆ ಯಾಕಪ್ಪಾ ಏನೂ ಕೊಟ್ಟಿಲ್ಲ?" ಅಂತ ಕೇಳಿದಳಂತೆ ಹುಡುಗಿ. ಇವರು ನನ್ನನ್ನು ಕೇಳುತ್ತಾರೆ: "ಸರ್, ಅಷ್ಟೊಂದು ತೆರಿಗೆ ಹಿಡಿದುಕೊಂಡ ಮೇಲೆ ಸರ್ಕಾರ ಅದೇ ಫಾರಂನಲ್ಲಿ ಮತ್ತೆ ಕೈ ಚಾಚುವುದು ಸರಿಯಾ? ಮಕ್ಕಳನ್ನು ಕಾಪಾಡುವುದು ಅವರ ಕೆಲಸ ಅಲ್ವಾ?"

ಹೌದು ಸ್ವಾಮಿ, ಅವರದೇ ಕೆಲಸ. ದೇಣಿಗೆ ಬರುತ್ತೆ ಅಂತ ಬಜೆಟ್‌ನಲ್ಲಿ ಕೈ ಬಿಗಿ ಮಾಡುವ ಸರ್ಕಾರವನ್ನು ನಾನೂ ಒಪ್ಪುವುದಿಲ್ಲ. ಆದರೆ ನಿಮ್ಮ ಪತ್ರ ಓದಿದ ಮೇಲೆ ನನಗೆ ನೆನಪಾಗಿದ್ದು ಸರ್ಕಾರ ಅಲ್ಲ, ನಮ್ಮಜ್ಜಿಯ ಅಡುಗೆಮನೆ.

ದಿನಾ ಬೆಳಿಗ್ಗೆ ಅಕ್ಕಿ ಅಳೆದು ಪಾತ್ರೆಗೆ ಹಾಕಿದ ಮೇಲೆ, ಅದರಿಂದಲೇ ಒಂದು ಹಿಡಿ ತೆಗೆದು ಒಲೆ ಪಕ್ಕದ ಸಣ್ಣ ಗಡಿಗೆಗೆ ಹಾಕುತ್ತಿದ್ದಳು. ಮುಷ್ಟಿ ಅಕ್ಕಿ. ವಾರಕ್ಕೊಮ್ಮೆ ಉಚಿತ ಹಾಸ್ಟೆಲಿನ ಹುಡುಗರು ಚೀಲ ಹಿಡಿದು ಬಂದು ಸುರಿದುಕೊಂಡು ಹೋಗುತ್ತಿದ್ದರು. ಮನೆಯಲ್ಲಿ ಅಕ್ಕಿ ಕಮ್ಮಿ ಇದ್ದ ದಿನ ಹಿಡಿ ಚಿಕ್ಕದಾಗುತ್ತಿತ್ತೇ ಹೊರತು ತಪ್ಪುತ್ತಿರಲಿಲ್ಲ. ಹೇಗೂ ಅಳೆಯುವ ಹೊತ್ತಿನಲ್ಲೇ ತೆಗೆದಿಡುವುದು, ಅದೇ ಅದರ ಗುಟ್ಟು. ಆಮೇಲೆ ಕೊಡೋಣ ಅಂದುಕೊಂಡಿದ್ದು ಯಾವತ್ತೂ ಆಮೇಲೇ ಆಗುತ್ತೆ.

ನಿಮ್ಮ ಫಾರಂನ ಆ ಪಟ್ಟಿಯೂ ಇದೇ ಲೆಕ್ಕ. ವರ್ಷಕ್ಕೊಮ್ಮೆ ಹೇಗೂ ದುಡ್ಡಿನ ಲೆಕ್ಕಕ್ಕೆ ಕೂತಿರುತ್ತೀರಿ. ರೀಫಂಡ್ ಇದ್ದರೆ ಅದರಲ್ಲಿ ಮುರಿದುಕೊಳ್ಳುತ್ತಾರೆ, ಕಟ್ಟುವುದಿದ್ದರೆ ಅದಕ್ಕೆ ಸೇರಿಸುತ್ತಾರೆ. ಒಂದು ಡಾಲರ್ ಆದರೂ ನಡೆಯುತ್ತೆ. ಅಮೆರಿಕದಲ್ಲಿ ಇದನ್ನು ಮೊದಲು ಶುರು ಮಾಡಿದ್ದು ಕೊಲೊರಾಡೊ, 1977ರಲ್ಲಿ, ಕಾಡುಪ್ರಾಣಿಗಳಿಗಾಗಿ. ಕ್ಯಾಲಿಫೋರ್ನಿಯಾದಲ್ಲಿ ಈ ಮಕ್ಕಳ ನಿಧಿಗೆ 2011ರಲ್ಲಿ ಕಾನೂನಾಯಿತು. ಆದರೆ ಅಲ್ಲಿ ಒಂದು ನಿಯಮ ಇದೆ. ಎರಡನೇ ವರ್ಷದಿಂದ ಸಾಮಾನ್ಯವಾಗಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಕೂಡದಿದ್ದರೆ ಆ ನಿಧಿಯನ್ನು ಪಟ್ಟಿಯಿಂದ ತೆಗೆಯುತ್ತಾರೆ. ಈಗಿನ ಪಟ್ಟಿ ತೆಗೆದು ನೋಡಿ. ಕಡಲ ನೀರುನಾಯಿಯ ನಿಧಿ ಇದೆ, ಬಹಳ ಒಳ್ಳೆಯದು, ಅದೂ ಬದುಕಬೇಕಾದ ಜೀವ. ಮಕ್ಕಳ ಆ ಸಾಲು ಇಲ್ಲ. ನೀವು ಖಾಲಿ ಬಿಟ್ಟಿದ್ದಕ್ಕೇ ಹೋಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಸುಮ್ನೆ ಪುಟ ತಿರುಗಿಸಿದವರು ಎಷ್ಟು ಜನ ಇದ್ದಿರಬೇಕು, ಯೋಚನೆ ಮಾಡಿ.

ಹತ್ತು ಇಪ್ಪತ್ತು ಡಾಲರ್‌ನಿಂದ ಏನಾಗುತ್ತೆ ಅಂತಲೂ ಬರೆದಿದ್ದೀರಿ. ಕೆಲವು ವರ್ಷದ ಹಿಂದೆ ಮೈಸೂರಿನ ಹತ್ತಿರ ಇಂಥ ಮಕ್ಕಳ ಒಂದು ಆಶ್ರಯಧಾಮಕ್ಕೆ ಹೋಗಿದ್ದೆ. ಬಂಗಾಳದ ಕಡೆಯ ಹುಡುಗಿ, ಹನ್ನೆರಡೋ ಹದಿಮೂರೋ. ಕನ್ನಡ ಬಾರದು. ಅವಳಿಗೆ ಹೊಟ್ಟೆನೋವು ಬಂದರೂ ಅಲ್ಲಿನ ಮೇಡಂ ಬಂಗಾಳಿ ಬಲ್ಲ ಯಾರಿಗೋ ಫೋನ್ ಹಚ್ಚಿ, ಅವಳ ಕಿವಿಗೆ ಹಿಡಿದು, ಆಮೇಲೆ ತಾವು ಕೇಳಿಸಿಕೊಳ್ಳಬೇಕಿತ್ತು. ಕೇಸ್ ನಡೆಯುತ್ತಿದ್ದದ್ದು ಬೇರೆ ಜಿಲ್ಲೆಯಲ್ಲಿ. ಸಾಕ್ಷಿ ಹೇಳಿಸಲು ರಾತ್ರಿ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಇಡೀ ದಿನ ಕೋರ್ಟಿನ ಬೆಂಚಿನ ಮೇಲೆ ಕೂತು, ಮುಂದಿನ ತಾರೀಖು ತೆಗೆದುಕೊಂಡು ವಾಪಸ್. ಮೂರು ಸಲ ಹಾಗಾಗಿತ್ತಂತೆ. ಮೇಡಂ ಮೇಜಿನ ಮೇಲೆ ಒಂದು ಖರ್ಚಿನ ಪುಸ್ತಕ ಇತ್ತು. ನೋಡಬಹುದಾ ಅಂತ ಕೇಳಿದೆ. ಬಸ್ ಚಾರ್ಜು ಇಬ್ಬರಿಗೆ. ಇಡ್ಲಿ. ಕನ್ನಡಕ. ಬಾಗಿಲಿಗೆ ಒಳಗಿನ ಚಿಲಕ.

ಚಿಲಕ ಯಾಕೆ ಅಂದೆ. "ಒಳಗಿನಿಂದ ಹಾಕಿಕೊಳ್ಳೋಕೆ ಆಗದಿದ್ರೆ ಅವಳು ಮಲಗೋದೇ ಇಲ್ಲ ಸರ್," ಅಂದರು.

ಚಿಲಕಕ್ಕೆ ಎಷ್ಟು ಡಾಲರ್ ಬೇಕು, ನೀವೇ ಹೇಳಿ.

ಕೊಡುವುದರಲ್ಲಿ ನಮ್ಮವರು ಹಿಂದೆ ಬಿದ್ದವರಲ್ಲ, ಅದು ಗೊತ್ತು. ಅಲ್ಲಿ ದೇವಸ್ಥಾನ ಕಟ್ಟಿಸಿದ್ದೀರಿ, ಸಮ್ಮೇಳನಕ್ಕೆ ಕೊಟ್ಟಿದ್ದೀರಿ. ಆದರೆ ನಮಗೆ ಹೆಸರು ಬೇಕು. ಊರಿನ ದೇವಸ್ಥಾನದಲ್ಲಿ ಟ್ಯೂಬ್‌ಲೈಟಿನ ಪಟ್ಟಿಯ ಮೇಲೂ ದಾನಿಯ ಹೆಸರು, ಫ್ಯಾನಿನ ರೆಕ್ಕೆಯ ಮೇಲೂ ಹೆಸರು. ಈ ಮಕ್ಕಳಿಗೆ ಕೊಟ್ಟರೆ ಹೆಸರು ಬರೆಸಲು ಜಾಗವೇ ಇಲ್ಲ, ಮಗುವಿನ ಗುರುತನ್ನೇ ಕಾನೂನಿನ ಪ್ರಕಾರ ಮುಚ್ಚಿಡಬೇಕು. ನಮ್ಮ ಪತ್ರಿಕೆಗಳದ್ದೂ ತಪ್ಪಿದೆ. ರೇಡ್ ಆದ ದಿನ ಮುಖಪುಟದಲ್ಲಿ ಸುದ್ದಿ. ಆಮೇಲೆ ಆ ಮಗು ನಾಲ್ಕು ವರ್ಷ ಏನು ಉಂಡಿತು, ಯಾವ ಶಾಲೆಗೆ ಹೋಯಿತು, ಒಬ್ಬರೂ ಬರೆಯುವುದಿಲ್ಲ. ನಾನೂ ಬರೆದಿದ್ದು ಕಮ್ಮಿಯೇ.

ನಿಮ್ಮನ್ನು ಬೈದೆ ಅಂತ ಬೇಜಾರು ಮಾಡಿಕೊಳ್ಳಬೇಡಿ, ನಿಮಗಿರುವ ಅನುಕೂಲ ಇಲ್ಲಿ ನಮಗೆ ಇಲ್ಲ. ನಮ್ಮ ರಿಟರ್ನ್‌ನಲ್ಲಿ ಕೊಟ್ಟಿದ್ದನ್ನು ತೋರಿಸಿ ತೆರಿಗೆ ವಿನಾಯಿತಿ ಕೇಳುವ ಕಾಲಂ ಇದೆ, ಅಲ್ಲೇ ಕೊಡುವುದಕ್ಕೆ ಕಾಲಂ ಇಲ್ಲ. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಆ ವಿನಾಯಿತಿಯೂ ಇಲ್ಲ. 2015ರ ಬಾಲನ್ಯಾಯ ಕಾಯ್ದೆಯ 105ನೇ ಕಲಂ ತೆಗೆದು ನೋಡಿದರೆ, ಮಕ್ಕಳ ಪುನರ್ವಸತಿಗೆ ರಾಜ್ಯ ಸರ್ಕಾರ ನಿಧಿ ಮಾಡಬಹುದು, ಜನ ಇಷ್ಟಪಟ್ಟು ಕೊಟ್ಟಿದ್ದನ್ನು ಅದಕ್ಕೆ ಜಮಾ ಮಾಡಬೇಕು ಅಂತ ಬರೆದಿದೆ. ಗಡಿಗೆ ಕಾನೂನಿನಲ್ಲಿ ಇದೆ, ಅದನ್ನು ಜನರ ಅಡುಗೆಮನೆಯ ತನಕ ಯಾರೂ ತಂದಿಲ್ಲ. ರಿಟರ್ನ್ ಫಾರಂನಲ್ಲಿ ಅದಕ್ಕೊಂದು ಸಾಲು ಕೊಡಿ ಅಂತ ನಾನು ಇನ್ನೂ ಕೇಳುತ್ತಲೇ ಇರುತ್ತೇನೆ.

ಈಗ ನಿಮ್ಮ ವಿಷಯ. ಆ ಸಾಲು ಹೋದರೂ ಆ ಕೆಲಸ ಮಾಡುವ ಸಂಸ್ಥೆಗಳು ನಿಮ್ಮ ಊರಿನ ಸುತ್ತಮುತ್ತ ಇವೆ, ಮೈಸೂರಿನಲ್ಲಿ ಒಡನಾಡಿ ಇದೆ. ರಿಟರ್ನ್ ತುಂಬುವ ದಿನವೇ, ಅದೇ ಕುರ್ಚಿಯಲ್ಲಿ ಕೂತು, ಒಂದು ಹಿಡಿ ತೆಗೆದಿಡಿ. ಪಕ್ಕದಲ್ಲಿ ಮಗಳನ್ನೂ ಕೂರಿಸಿಕೊಳ್ಳಿ. ಅವಳ ಪ್ರಶ್ನೆಗೆ ನೀವೇನು ಉತ್ತರ ಕೊಟ್ಟಿರಿ ಅಂತ ಪತ್ರದಲ್ಲಿ ಬರೆದೇ ಇಲ್ಲ. ಅದನ್ನು ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.