ಪ್ರತಿಕ್ರಿಯೆ: ಕೆಲಸದ ದಿನಗಳಲ್ಲಿ ಓದಬಹುದಾದ ಕ್ರೈಸ್ತ ಪುಸ್ತಕ

ನಮಸ್ಕಾರ. ವೈಟ್‌ಫೀಲ್ಡ್‌ಗೆ ಹೋಗಿಬರುವ ಮೆಟ್ರೊ ಪ್ರಯಾಣದಲ್ಲಿ ಓದಲು, ಉಪದೇಶದ ಧಾಟಿಯಿಲ್ಲದೆ ನಂಬಿಕೆಯನ್ನು ದಿನನಿತ್ಯದ ಬದುಕಿನೊಳಗೇ ಕಾಣಿಸುವ, ಸಾಹಿತ್ಯವಾಗಿಯೂ ರುಚಿಸುವ ಕ್ರೈಸ್ತ ಪುಸ್ತಕ ಯಾವುದೆಂದು ಕೇಳಿದ್ದೀರಿ.

ಸಹೋದರ ಲಾರೆನ್ಸ್ ಎಂಬ ಕ್ರೈಸ್ತ ಸನ್ಯಾಸಿಯ ಸಂಭಾಷಣೆ ಮತ್ತು ಪತ್ರಗಳ ಚಿಕ್ಕ ಸಂಕಲನದಿಂದ (ಇಂಗ್ಲಿಷಿನಲ್ಲಿ ‘ದಿ ಪ್ರಾಕ್ಟೀಸ್ ಆಫ್ ದಿ ಪ್ರೆಸೆನ್ಸ್ ಆಫ್ ಗಾಡ್’) ಆರಂಭಿಸಿ ಎಂಬುದು ನನ್ನ ಸಲಹೆ. 17ನೇ ಶತಮಾನದ ಪ್ಯಾರಿಸ್‌ನಲ್ಲಿ, ಕಾರ್ಮೆಲ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಪಂಥದ ಮಠವೊಂದರ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಅವರಿಗೆ ಆ ಕೆಲಸ ಸ್ವಭಾವತಃ ಹಿಡಿಸುತ್ತಿರಲಿಲ್ಲ. ಆದರೂ ಬಾಣಲೆಯಲ್ಲಿ ಆಮ್ಲೆಟ್ ಮಗುಚುವುದನ್ನೂ ದೇವರ ಮೇಲಿನ ಪ್ರೀತಿಯಿಂದಲೇ ಮಾಡುತ್ತ, ಪ್ರಾರ್ಥನೆಯ ಹೊತ್ತಿಗೂ ಕೆಲಸದ ಹೊತ್ತಿಗೂ ನಡುವೆ ಇದ್ದ ಗೆರೆಯನ್ನೇ ಅವರು ಅಳಿಸಿಬಿಟ್ಟರು. ಕಚೇರಿಯ ಒತ್ತಡದ ಬಗ್ಗೆ ನೀವು ಬರೆದುದನ್ನು ಓದಿದಾಗ ನನಗೆ ಮೊದಲು ನೆನಪಾದವರು ಇವರೇ. ಪತ್ರಗಳು ಪುಟ್ಟವು, ದಿನಕ್ಕೊಂದನ್ನು ನಿಧಾನವಾಗಿ ಓದಿದರೆ ಸಾಕು.

ಕಥೆಯೇ ಬೇಕೆಂದರೆ, 1678ರಲ್ಲಿ ಪ್ರಕಟವಾದ ಇಂಗ್ಲಿಷ್ ಲೇಖಕ ಜಾನ್ ಬನಿಯನ್ನರ ‘ದಿ ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಕೃತಿಯನ್ನು ಓದಿ. ಯಾತ್ರಿಕನ ಬೆನ್ನ ಮೇಲಿನ ಹೊರೆ ಶಿಲುಬೆಯ ಬಳಿ ತಾನಾಗಿ ಕಳಚಿ ಉರುಳಿಹೋಗುವ ಭಾಗವೊಂದೇ ಸಾಕು, ಅದರ ಕಥನಶಕ್ತಿ ತಿಳಿಯಲು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು 19ನೇ ಶತಮಾನದಲ್ಲೇ ಇದನ್ನು ‘ಯಾತ್ರಿಕನ ಸಂಚಾರ’ ಎಂದು ಕನ್ನಡಕ್ಕೆ ತಂದಿದ್ದಾರೆ. ಹಳೆಯ ಪ್ರತಿಗಾಗಿ ಬೆಂಗಳೂರಿನ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಗ್ರಂಥಾಲಯದಲ್ಲಿ ಒಮ್ಮೆ ವಿಚಾರಿಸಿ ನೋಡಿ.