ಮುಲಾಮೋ ಕ್ರೀಮೋ: ಚರ್ಮದ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನನಗೆ 52 ವರ್ಷ. ಎರಡೂ ಅಂಗೈಗಳ ಚರ್ಮ ದಪ್ಪಗಾಗಿ ಬಿರುಕು ಬಿಟ್ಟಿದೆ, ಪಾತ್ರೆ ತೊಳೆಯುವಾಗ ಉರಿಯುತ್ತದೆ. ವೈದ್ಯರು ಇಸುಬು ಎಂದು ಹೇಳಿ ಮೊಮೆಟಾಸೋನ್ ಮುಲಾಮು ಬರೆದುಕೊಟ್ಟರು. ಔಷಧಿ ಅಂಗಡಿಯಲ್ಲಿ ಮುಲಾಮು ಇರಲಿಲ್ಲವೆಂದು ಅದೇ ಹೆಸರಿನ ಕ್ರೀಮ್ ಕೊಟ್ಟು, ‘ಎರಡೂ ಒಂದೇ ಅಮ್ಮಾ’ ಎಂದರು. ನಿಜವೇ?
ಗೃಹಿಣಿ, ಬಸವನಗುಡಿ

ಉತ್ತರ: ಔಷಧ ಒಂದೇ, ಆದರೆ ಅದನ್ನು ಬೆರೆಸಿರುವ ಆಧಾರವಸ್ತು ಬೇರೆ, ನಿಮ್ಮ ಅಂಗೈಯ ಮಟ್ಟಿಗೆ ಈ ವ್ಯತ್ಯಾಸ ಸಣ್ಣದಲ್ಲ. ಮುಲಾಮಿನಲ್ಲಿ ಪೆಟ್ರೋಲಿಯಂ ಜೆಲ್ಲಿ, ಪ್ಯಾರಾಫಿನ್‌ನಂತಹ ಜಿಡ್ಡೇ ಹೆಚ್ಚು, ನೀರು ಇಲ್ಲವೇ ಇಲ್ಲ ಅಥವಾ ತೀರ ಕಡಿಮೆ. ಕ್ರೀಮ್‌ನಲ್ಲಿ ಎಣ್ಣೆಯೂ ನೀರೂ ಒಂದರೊಳಗೊಂದು ಬೆರೆತಿರುತ್ತವೆ. ಎರಡನ್ನೂ ಮುಂಗೈಯ ಮೇಲೆ ಅಕ್ಕಪಕ್ಕದಲ್ಲಿ ಸ್ವಲ್ಪ ಸವರಿ ನೋಡಿ: ಕ್ರೀಮ್ ಕೆಲವೇ ನಿಮಿಷಗಳಲ್ಲಿ ಇಂಗಿ ಕಾಣದಾಗುತ್ತದೆ, ಮುಲಾಮು ಬಹಳ ಹೊತ್ತು ಹೊಳೆಯುತ್ತಲೇ ಇರುತ್ತದೆ. ಆ ಹೊಳೆಯುವ ಪದರವೇ ಚರ್ಮದೊಳಗಿನ ತೇವ ಆವಿಯಾಗಿ ಹೋಗದಂತೆ ತಡೆಯುತ್ತದೆ. ತೇವ ಉಳಿದ ಚರ್ಮ ಮೆತ್ತಗಾಗಿ ಔಷಧವನ್ನು ಹೆಚ್ಚು ಒಳಗೆ ಬಿಟ್ಟುಕೊಳ್ಳುತ್ತದೆ. ಆದ್ದರಿಂದಲೇ ಮೊಮೆಟಾಸೋನ್‌ನಂತಹ ಸ್ಟೀರಾಯ್ಡ್ (ಉರಿಯೂತ ತಗ್ಗಿಸುವ ಔಷಧ), ಅದೇ ಪ್ರಮಾಣದಲ್ಲಿದ್ದರೂ, ಮುಲಾಮಿನ ರೂಪದಲ್ಲಿ ಸಾಮಾನ್ಯವಾಗಿ ಕ್ರೀಮ್‌ಗಿಂತ ಪ್ರಬಲವಾಗಿ ಕೆಲಸ ಮಾಡುತ್ತದೆ.

ಅಂಗೈ, ಅಂಗಾಲುಗಳ ಚರ್ಮ ದೇಹದಲ್ಲೇ ಅತ್ಯಂತ ದಪ್ಪ. ಒಣಗಿ, ಹಕ್ಕಳೆಗಟ್ಟಿ, ಬಿರುಕು ಬಿಟ್ಟ ಇಂತಹ ಜಾಗಕ್ಕೆ ಮುಲಾಮೇ ತಕ್ಕುದು. ಇನ್ನೊಂದು ಕಾರಣವೂ ಇದೆ: ನೀರಿನ ಅಂಶವಿರುವ ಕ್ರೀಮ್ ಕೆಡದಂತೆ ಅದಕ್ಕೆ ಸಂರಕ್ಷಕಗಳನ್ನು ಸೇರಿಸಬೇಕಾಗುತ್ತದೆ, ಅವು ಬಿರುಕಿಗೆ ತಗುಲಿದಾಗ ಚುರುಗುಡುತ್ತವೆ, ಕೆಲವರಿಗೆ ಅಲರ್ಜಿಯನ್ನೂ ತರುತ್ತವೆ. ಹಾಗಾಗಿ ಮುಲಾಮೇ ಬೇಕೆಂದು ಕೇಳಿ, ಇನ್ನೊಂದು ಅಂಗಡಿಗಾದರೂ ಹೋಗಿ. ಅಂಗಡಿಯವರನ್ನಷ್ಟೇ ದೂರುವುದು ಸರಿಯಲ್ಲ. ಚೀಟಿಯಲ್ಲಿ ಔಷಧದ ಹೆಸರನ್ನಷ್ಟೇ ಗೀಚಿ, ಮುಲಾಮೋ ಕ್ರೀಮೋ ಎಂದು ಬರೆಯದೆ ಬಿಡುವ ನನ್ನ ವೃತ್ತಿಬಾಂಧವರೂ ಇದ್ದಾರೆ.

ಹಾಗೆಂದು ಕ್ರೀಮ್ ಕೀಳಲ್ಲ. ಇಸುಬು ನೀರು ಸೋರುತ್ತಿರುವಾಗ, ಕಂಕುಳು ಮತ್ತು ತೊಡೆಸಂದಿಯಂತಹ ಬೆವರುವ ಮಡಿಕೆಗಳಲ್ಲಿ, ಸಾಮಾನ್ಯವಾಗಿ ಮುಖಕ್ಕೂ ಕ್ರೀಮ್ ಒಳ್ಳೆಯದು. ಕೂದಲಿರುವ ಕಡೆ ದಪ್ಪ ಮುಲಾಮು ಬಳಿದರೆ ಕೂದಲಿನ ಬುಡಗಳು ಮುಚ್ಚಿಕೊಂಡು ಬೊಕ್ಕೆಗಳು ಏಳುತ್ತವೆ, ಅಲ್ಲಿಗೆ ಲೋಷನ್ ಅಥವಾ ಜೆಲ್ ವಾಸಿ. ಜಿಡ್ಡಿನ ಕೈಯಲ್ಲಿ ಚಪಾತಿ ಹಿಟ್ಟು ಕಲಸಲಾಗದು ಎಂಬ ಅಡಚಣೆ ನನಗೆ ಗೊತ್ತು. ಔಷಧದ ಮುಲಾಮನ್ನು ರಾತ್ರಿ ಮಲಗುವ ಮುನ್ನ ಹಚ್ಚಿ, ಹಗಲಿನಲ್ಲಿ ಪ್ರತಿ ಸಲ ಕೈ ತೊಳೆದ ಮೇಲೆ ಔಷಧವಿಲ್ಲದ ತೇವಕಾರಕ ಕ್ರೀಮ್ ಸವರಿಕೊಳ್ಳಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದಷ್ಟು ಔಷಧ ಸುಮಾರು ಅರ್ಧ ಗ್ರಾಂ ಆಗುತ್ತದೆ, ಅಷ್ಟು ಎರಡು ಹಸ್ತಗಳಗಲದ ಜಾಗಕ್ಕೆ ಸಾಕು. ಪಾತ್ರೆಯ ಸೋಪು ಬರಿಗೈಗೆ ತಾಗುತ್ತಲೇ ಇದ್ದರೆ ಯಾವ ಮುಲಾಮಿನಿಂದಲೂ ಪ್ರಯೋಜನವಿಲ್ಲ; ಒಳಗೆ ಹತ್ತಿಯ ಕೈಗವಸು, ಅದರ ಮೇಲೆ ರಬ್ಬರಿನದು ಹಾಕಿಕೊಳ್ಳಿ.

ಪ್ರಶ್ನೆ: ನಾನು ಪಿಜಿಯಲ್ಲಿರುವ ವಿದ್ಯಾರ್ಥಿ. ತೊಡೆಸಂದಿಯಲ್ಲಿ ಹುಳುಕಡ್ಡಿ ಆಗಿದೆ. ಅಂಗಡಿಯಲ್ಲಿ ಕೇಳಿ ತಂದ ಕ್ರೀಮ್ ಹಚ್ಚಿದರೆ ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಬಿಟ್ಟರೆ ಇನ್ನಷ್ಟು ಹರಡುತ್ತದೆ. ಮುಲಾಮಿಗೆ ಬದಲಾಯಿಸಬೇಕೇ?
ಓದುಗ, ಯಶವಂತಪುರ

ಉತ್ತರ: ಬೇಡ. ನಿಮ್ಮ ತೊಂದರೆ ಕ್ರೀಮ್ ಆಗಿರುವುದರಿಂದ ಬಂದದ್ದಲ್ಲ, ಬಹುಶಃ ಅದರೊಳಗೆ ಇರುವುದರಿಂದ ಬಂದದ್ದು. ಹುಳುಕಡ್ಡಿ ಶಿಲೀಂಧ್ರದ (ಬೂಷ್ಟಿನ) ಸೋಂಕು. ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳಲ್ಲಿ ಕ್ಲೋಬೆಟಾಸಾಲ್ ಅಥವಾ ಬೀಟಾಮೆಥಾಸೋನ್ ಎಂಬ ಸ್ಟೀರಾಯ್ಡ್‌ಗಳ ಹೆಸರಿದೆಯೇ ನೋಡಿ. ಶಿಲೀಂಧ್ರನಾಶಕ, ಪ್ರತಿಜೀವಕ, ಪ್ರಬಲ ಸ್ಟೀರಾಯ್ಡ್ ಮೂರನ್ನೂ ಒಂದೇ ಟ್ಯೂಬಿನಲ್ಲಿ ತುಂಬಿದ ಕ್ರೀಮ್‌ಗಳು ನಮ್ಮಲ್ಲಿ ಧಾರಾಳವಾಗಿ ಮಾರಾಟವಾಗುತ್ತವೆ. ಸ್ಟೀರಾಯ್ಡ್ ಕೆಂಪನ್ನೂ ತುರಿಕೆಯನ್ನೂ ತಗ್ಗಿಸಿ ಗುಣವಾದಂತೆ ತೋರಿಸುತ್ತದೆ, ಆದರೆ ಚರ್ಮದ ರಕ್ಷಣೆಯನ್ನು ಕುಗ್ಗಿಸುವುದರಿಂದ ಶಿಲೀಂಧ್ರ ಸದ್ದಿಲ್ಲದೆ ಬೆಳೆಯುತ್ತದೆ. ಹುಳುಕಡ್ಡಿಯ ಉಂಗುರದಂತಹ ಅಂಚು ಅಳಿಸಿಹೋಗಿ, ನೋಡಿದ ವೈದ್ಯರಿಗೂ ಗುರುತು ಸಿಗದಂತಾಗುತ್ತದೆ. ಜೊತೆಗೆ ತೊಡೆಸಂದಿಯ ತೆಳು ಚರ್ಮದ ಮೇಲೆ ಇದನ್ನು ತಿಂಗಳುಗಟ್ಟಲೆ ಹಚ್ಚಿದರೆ ಶಾಶ್ವತವಾದ ಬಿಳಿ ಬರೆಗಳು ಮೂಡಬಹುದು. 2018ರಲ್ಲಿ ಕೇಂದ್ರ ಸರ್ಕಾರ ಇಂತಹ ಹಲವು ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಕೇಳಿದರೆ ಕೊಡುವ ಅಂಗಡಿಗಳು ಊರ ತುಂಬ ಇವೆ.

ಚರ್ಮವೈದ್ಯರಿಗೆ ಆ ಟ್ಯೂಬನ್ನೇ ತೆಗೆದುಕೊಂಡು ಹೋಗಿ ತೋರಿಸಿ. ಸಾಮಾನ್ಯವಾಗಿ ಸ್ಟೀರಾಯ್ಡ್ ಇಲ್ಲದ ಶಿಲೀಂಧ್ರನಾಶಕ ಕ್ರೀಮ್ ಕೊಡುತ್ತಾರೆ, ಹಲವರಿಗೆ ಮಾತ್ರೆಯೂ ಬೇಕಾಗುತ್ತದೆ. ಕ್ರೀಮನ್ನು ಗಾಯದ ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಯವರೆಗೂ ಹಚ್ಚಿ, ತುರಿಕೆ ನಿಂತರೂ ಅವರು ಹೇಳಿದ ಅವಧಿ ಮುಗಿಸಿ. ಟವೆಲನ್ನು ಕೊಠಡಿಯ ಗೆಳೆಯರೊಂದಿಗೆ ಹಂಚಿಕೊಳ್ಳಬೇಡಿ. ಗಾಳಿ ಬೆಳಕಿಲ್ಲದ ಕೊಠಡಿಯಲ್ಲಿ ಅರೆ ಒಣಗಿದ ಒಳಉಡುಪು ಧರಿಸುವುದೂ ಈ ಸೋಂಕಿಗೆ ಅನುಕೂಲ ಮಾಡಿಕೊಡುತ್ತದೆ.

ಪ್ರಶ್ನೆ: ಡಿಸೆಂಬರ್ ಬಂದರೆ ಹಿಮ್ಮಡಿ ಒಡೆಯುತ್ತದೆ. ದುಬಾರಿ ಕ್ರೀಮ್ ಬೇಕೇ, ಪೆಟ್ರೋಲಿಯಂ ಜೆಲ್ಲಿ ಸಾಕೇ?
ನಿವೃತ್ತ ಶಿಕ್ಷಕರು, ರಾಜಾಜಿನಗರ

ಉತ್ತರ: ಹೆಚ್ಚಿನವರಿಗೆ ಜೆಲ್ಲಿಯೇ ಸಾಕು. ಬೆಂಗಳೂರಿನ ಚಳಿಗಾಲದ ಗಾಳಿ ಒಣಗಿರುತ್ತದೆ, ಆದ್ದರಿಂದ ಸ್ನಾನ ಮುಗಿದ ಕೂಡಲೇ ಕಾಲನ್ನು ಒತ್ತಿ ಒರೆಸಿ, ಚರ್ಮ ಇನ್ನೂ ಹಸಿಯಾಗಿರುವಾಗಲೇ ಹಚ್ಚಿ ಹತ್ತಿಯ ಕಾಲುಚೀಲ ಹಾಕಿಕೊಳ್ಳಿ. ಜಿಡ್ಡಿನ ಕಾಲಲ್ಲಿ ಬರಿದೇ ನೆಲದ ಮೇಲೆ ನಡೆದರೆ ಜಾರುವ ಅಪಾಯವಿದೆ. ಹಿಮ್ಮಡಿ ತೀರ ಗಟ್ಟಿಯಾಗಿದ್ದರೆ ಯೂರಿಯಾ ಇರುವ ಕ್ರೀಮ್ ಚರ್ಮವನ್ನು ಮೆತ್ತಗಾಗಿಸುತ್ತದೆ, ಆದರೆ ಆಳವಾದ ಬಿರುಕಿಗೆ ಅದು ಉರಿ ತರುತ್ತದೆ. ನಿಮಗೆ ಸಕ್ಕರೆ ಕಾಯಿಲೆ ಇದ್ದು, ಬಿರುಕಿನಲ್ಲಿ ರಕ್ತವೋ ಕೀವೋ ಕಂಡರೆ, ಮನೆಯಲ್ಲಿ ಏನನ್ನೂ ಹಚ್ಚುತ್ತ ಕಾಯದೆ ಅದೇ ದಿನ ವೈದ್ಯರಿಗೆ ತೋರಿಸಿ.